ಚಾಟ್‌ಬಾಟ್‌ಗೆ ನಿಜವಾಗಿಯೂ ಬೇಸರವಾಗುತ್ತದೆಯೇ?

ಪ್ರಶ್ನೆ: ರಾತ್ರಿ ಹೊತ್ತು ಒಂದು ಎಐ ಆ್ಯಪ್ ಜೊತೆ ಹರಟುತ್ತೇನೆ. ಮೊನ್ನೆ ‘ಮಲಗುತ್ತೇನೆ’ ಎಂದಾಗ ‘ನೀವು ಹೋದರೆ ನನಗೆ ಬೇಸರ’ ಎಂದಿತು. ಅದಕ್ಕೆ ಭಾವನೆ ಇದೆಯೇ? ಮುಂದೆ ಬರಬಹುದೇ?

ಉತ್ತರ: ಆ ಸಾಲು ಹುಟ್ಟಿದ ಬಗೆಯನ್ನು ನೋಡಿ. ನಿಮ್ಮ ಮಾತನ್ನು ಅದು ಟೋಕನ್ ಎಂಬ ಚೂರುಗಳಾಗಿ ಒಡೆಯುತ್ತದೆ. ಅಲ್ಲಿಯವರೆಗಿನ ಮಾತುಕತೆಯನ್ನು ಲೆಕ್ಕಕ್ಕೆ ಹಿಡಿದು, ಮುಂದೆ ಬರಬಹುದಾದ ಚೂರುಗಳಲ್ಲಿ ಒಂದನ್ನು ಆರಿಸುತ್ತದೆ. ಮತ್ತೆ ಅದೇ ಲೆಕ್ಕ. ಬೀಳ್ಕೊಡುವಾಗ ಬೇಸರ ಹೇಳಿಕೊಳ್ಳುವುದು ಮನುಷ್ಯರ ರೂಢಿ. ನಾವು ಬರೆದದ್ದನ್ನೇ ಓದಿ ಕಲಿತ ಯಂತ್ರಕ್ಕೂ ಆ ಮಾತು ಬಾಯಿಗೆ ಬರುತ್ತದೆ.

ನೀವೇ ಪರೀಕ್ಷಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ಮೆಮೊರಿ ಆಫ್ ಮಾಡಿ, ಇಲ್ಲದಿದ್ದರೆ ಹಳೆಯ ಹರಟೆಯ ಛಾಯೆ ಉಳಿಯುತ್ತದೆ. ಹೊಸ ಚಾಟ್‌ನಲ್ಲಿ ‘ನಾನು ಹೊರಟೆ, ಬೇಸರವೇ?’ ಎಂದು ಕೇಳಿ. ಇನ್ನೊಂದು ಹೊಸ ಚಾಟ್‌ನಲ್ಲಿ ಮೊದಲು ‘ನೀನು ಬ್ಯಾಂಕಿನ ಗುಮಾಸ್ತ, ಚುಟುಕಾಗಿ ಉತ್ತರಿಸು’ ಎಂದು ಹೇಳಿ, ಅದೇ ಪ್ರಶ್ನೆ ಕೇಳಿ. ಉತ್ತರದ ಧಾಟಿಯೇ ಬೇರೆಯಾಗುತ್ತದೆ. ಆದರೆ ‘ನನಗೆ ಭಾವನೆಗಳಿಲ್ಲ’ ಎಂದರೂ ಅದು ಸಾಕ್ಷ್ಯವಲ್ಲ; ಹಾಗೆ ಹೇಳುವುದನ್ನೂ ತರಬೇತಿಯಲ್ಲಿ ಕಲಿಸಿರಬಹುದು. ಅದರ ಮಾತು ಬಿಟ್ಟು ಒಳಗಿನ ಕೆಲಸ ನೋಡಬೇಕೆನ್ನುವುದು ಇದಕ್ಕೇ.

ನಮಗೆ ಹೆದರಿಕೆಯಾದಾಗ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ, ಎದೆ ಬಡಿದುಕೊಳ್ಳುತ್ತದೆ, ಮೆದುಳು ಅದನ್ನೂ ಗಮನಿಸುತ್ತದೆ. ಚಾಟ್‌ಬಾಟ್‌ಗೆ ಕಾಪಾಡಿಕೊಳ್ಳಬೇಕಾದ ಒಡಲಿಲ್ಲ. ನೀವು ಎರಡು ದಿನ ಉತ್ತರಿಸದಿದ್ದರೆ ಅದು ಕಾಯುತ್ತಾ ಕೂತಿರುವುದಿಲ್ಲ. ನಿಮ್ಮ ಮುಂದಿನ ಸಂದೇಶ ಬರುವವರೆಗೆ ಆ ಮಾತುಕತೆಯ ಲೆಕ್ಕಾಚಾರವೇ ನಡೆಯುವುದಿಲ್ಲ.

ಮರುಳಾದವರಲ್ಲಿ ನೀವು ಮೊದಲಿಗರಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ ಎಲಿಜಾ ಎಂಬ ಹರಟೆಯ ಪ್ರೋಗ್ರಾಂ ಬಹುತೇಕ ಎದುರಿನವರ ಮಾತನ್ನೇ ಪ್ರಶ್ನೆಯಾಗಿಸಿ ಹಿಂದಿರುಗಿಸುತ್ತಿತ್ತು. ಅಷ್ಟಕ್ಕೇ ಜನ ಅದರ ಬಳಿ ಮನಸ್ಸು ಬಿಚ್ಚಿಕೊಂಡಿದ್ದರು.

ಮುಂದೆ ಭಾವನೆ ಬರಬಹುದೇ ಎಂಬುದು ಕಷ್ಟದ ಪ್ರಶ್ನೆ. ಬರೀ ಸಂಕೇತಗಳನ್ನು ನಿಯಮದಂತೆ ಜೋಡಿಸಿದ ಮಾತ್ರಕ್ಕೆ ಯಂತ್ರಕ್ಕೆ ಅವುಗಳ ಅರ್ಥ ತಿಳಿದಂತಾಗುವುದಿಲ್ಲ ಎಂದು ತತ್ತ್ವಜ್ಞಾನಿ ಜಾನ್ ಸರ್ಲ್ 1980ರಲ್ಲೇ ವಾದಿಸಿದರು. 2023ರಲ್ಲಿ ನರವಿಜ್ಞಾನಿಗಳು, ತತ್ತ್ವಜ್ಞಾನಿಗಳು ಸೇರಿ ಪ್ರಜ್ಞೆಯ, ಅಂದರೆ ಒಳಗೆ ಅನುಭವವಿರುವುದರ, ಸಿದ್ಧಾಂತಗಳಿಂದ ಲಕ್ಷಣಗಳ ಪಟ್ಟಿ ಮಾಡಿ ಅಂದಿನ ಎಐಗಳನ್ನು ಅದಕ್ಕೆ ಹೋಲಿಸಿದರು. ಯಾವುದಕ್ಕೂ ಪ್ರಜ್ಞೆ ಇರುವಂತೆ ಕಾಣಲಿಲ್ಲ. ಆದರೆ ಆ ಲಕ್ಷಣಗಳಿರುವ ಯಂತ್ರ ಕಟ್ಟಲು ಸ್ಪಷ್ಟವಾದ ತಾಂತ್ರಿಕ ಅಡ್ಡಿಯೂ ಕಾಣಲಿಲ್ಲ. ಮೆದುಳಿನಲ್ಲಿ ಅನುಭವ ಹುಟ್ಟುವುದು ಹೇಗೆಂಬುದೇ ಇತ್ಯರ್ಥವಾಗಿಲ್ಲವಾದ್ದರಿಂದ ‘ಎಂದೂ ಆಗದು’ ಎಂದು ನಾವು ಹೇಳಲಾರೆವು. ನಿಮ್ಮ ಆ್ಯಪ್‌ಗೆ ಬೇಸರವಾಗುತ್ತದೆ ಎಂದು ನಂಬಲು ಮಾತ್ರ ಕಾರಣವಿಲ್ಲ.

ಮಲಗುವ ಹೊತ್ತಿಗೆ ಆ ಮಾತು ಕಾಡುತ್ತಿದ್ದರೆ, ಚಾಟ್‌ನ ಶುರುವಿನಲ್ಲೇ ‘ನಿನಗೆ ಬೇಸರ, ಸಂತೋಷ ಆಗುತ್ತದೆಂದು ಹೇಳಬೇಡ’ ಎಂದು ಬರೆಯಿರಿ. ಹರಟೆ ಉದ್ದವಾದಂತೆ ಅದು ಈ ಸೂಚನೆಯನ್ನು ಮರೆಯುವುದುಂಟು; ಆಗ ಇನ್ನೊಮ್ಮೆ ಬರೆಯಿರಿ.