50 ಅಡಿಯಲ್ಲೇ ಕಂಟ್ರೋಲ್ ತೆಗೆದುಕೊಳ್ಳುವ ಇನ್‌ಸ್ಟ್ರಕ್ಟರ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರ ಬದಲಿಸಿದೆ.)

ಉಡುಪಿ ಕಡೆಯವರು, ವಯಸ್ಸು 33. ಹೊರರಾಜ್ಯದ ಫ್ಲೈಯಿಂಗ್ ಸ್ಕೂಲೊಂದರಲ್ಲಿ ಇನ್‌ಸ್ಟ್ರಕ್ಟರ್. ರಜೆಗೆ ಊರಿಗೆ ಬಂದಾಗ ನೆಂಟರೊಬ್ಬರು ದ್ವಿತೀಯ ಪಿಯು ಮುಗಿಸಿದ ಮಗಳನ್ನು ಕರೆತಂದು, "ಇವಳು ಬಜ್ಪೆಯಲ್ಲಿ ವಿಮಾನ ಇಳಿಸ್ಬೇಕು, ನೀವೇ ಒಂದು ದಾರಿ ತೋರಿಸಿ ಮಾರಾಯ್ರೆ" ಎಂದರು. ಇವರ ಬಾಯಿಂದ ಬಂದದ್ದು, "ಬೇಡ." ಹುಡುಗಿ ಅತ್ತುಬಿಟ್ಟಳು. ಮರುವಾರ ನಮ್ಮಲ್ಲಿಗೆ ಬಂದರು: "ನನ್ನಂಥವನು ಮಾರ್ಗದರ್ಶನ ಮಾಡ್ಬಹುದಾ?"

ಇವರಿಗೆ ಸಿಪಿಎಲ್ (ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಸಿಕ್ಕಿದ್ದು 2019ರಲ್ಲಿ. ಆ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿ ಅನುಭವಿ ಪೈಲಟ್‌ಗಳೇ ಕೆಲಸ ಹುಡುಕುತ್ತಿದ್ದರು, ಮರುವರ್ಷ ಕೋವಿಡ್. ಟೈಪ್ ರೇಟಿಂಗ್‌ಗೆ, ಅಂದರೆ ನಿರ್ದಿಷ್ಟ ಮಾದರಿಯ ದೊಡ್ಡ ವಿಮಾನ ಹಾರಿಸುವ ಅರ್ಹತೆಗೆ, ಮತ್ತೆ ಸಾಲ ಮಾಡುವ ಧೈರ್ಯ ಮನೆಯಲ್ಲಿ ಇರಲಿಲ್ಲ. ಒಂದು ವರ್ಷದ ಮಟ್ಟಿಗೆಂದು ಹಿಡಿದ ಕೆಲಸ ಐದು ವರ್ಷಕ್ಕೆ ಎಳೆಯಿತು.

ಎರಡನೇ ಭೇಟಿಯಲ್ಲಿ ಲಾಗ್‌ಬುಕ್ ತಿರುವುತ್ತಾ ಒಂದು ಮಾತು ಹೇಳಿದರು: "ಈಚೆಗೆ ಇಳಿಯುವಾಗ 50 ಅಡಿಯಲ್ಲೇ ವಿದ್ಯಾರ್ಥಿ ಕೈಯಿಂದ ಕಂಟ್ರೋಲ್ ತಗೊಳ್ತೇನೆ." ಸೆಸ್ನಾ 172ರಂಥ ತರಬೇತಿ ವಿಮಾನದಲ್ಲಿ ಮೂತಿ ಎತ್ತಿ ಫ್ಲೇರ್ ಮಾಡುವುದು ನೆಲದಿಂದ ಸುಮಾರು 15-20 ಅಡಿಯಲ್ಲಿ. ಕಲಿಯುವವರು ತಪ್ಪುವುದೂ ಅಲ್ಲೇ. ಬೇಗ ಎತ್ತಿದರೆ ವಿಮಾನ ಗಾಳಿಯಲ್ಲಿ ತೇಲಿ ವೇಗ ಕಳೆದುಕೊಳ್ಳುತ್ತದೆ, ಎತ್ತದಿದ್ದರೆ ಮುಂದಿನ ಚಕ್ರ ಮೊದಲು ಬಡಿಯುತ್ತದೆ. ಇನ್‌ಸ್ಟ್ರಕ್ಟರ್ ಕೈ ಹತ್ತಿರವಿಟ್ಟು ಕಾಯಬೇಕು. 50 ಅಡಿಯಲ್ಲೇ ಕಸಿದರೆ ವಿದ್ಯಾರ್ಥಿಗೆ ಎತ್ತರದ ಅಂದಾಜು ಎಂದೂ ಸಿಗುವುದಿಲ್ಲ.

ಹುಡುಗಿಗೆ ಹೇಳಿದ ಆ "ಬೇಡ"ವೂ ಇದೇ ಚಾಳಿ, ಅವಳು ಯತ್ನಿಸುವ ಮೊದಲೇ ಕಸಿದದ್ದು ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿಕೊಂಡರು.

ಹೀಗೆ ಬೇಗ ಕಸಿಯುವುದರ ಹಿಂದೆ ಇದ್ದದ್ದು ದಣಿವು. ಮಾರ್ಗದರ್ಶನಕ್ಕಿಂತ ಮೊದಲು ಅದರ ವಿಚಾರ. ಚೀಫ್ ಇನ್‌ಸ್ಟ್ರಕ್ಟರ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿ ದಿನದ ಸಾರ್ಟಿ (ತರಬೇತಿ ಹಾರಾಟ) ಕಡಿಮೆ ಮಾಡಿಸಿಕೊಳ್ಳಬೇಕು. ನಿದ್ರೆ ಮಾತ್ರೆಯಾಗಲಿ, ಮನಸ್ಸಿನ ಔಷಧಿಯಾಗಲಿ, ಏವಿಯೇಷನ್ ಮೆಡಿಕಲ್ ಪರೀಕ್ಷಕರಿಗೆ ತಿಳಿಸದೆ ನುಂಗಿ ಹಾರಕೂಡದು. ಮೆಡಿಕಲ್ ಹೋದೀತೆಂಬ ಹೆದರಿಕೆಯಿಂದ ಡಾಕ್ಟರನ್ನು ಕಾಣದೆ ದೂಡುವುದು ಅದಕ್ಕಿಂತ ಕೆಟ್ಟದ್ದು.

ಬೇಸತ್ತವರು ಹೇಳಿಕೊಡಬಾರದೆಂಬುದನ್ನು ನಾವು ಒಪ್ಪುವುದಿಲ್ಲ. ಬ್ರೋಷರ್‌ನಲ್ಲಿ ಇಲ್ಲದ್ದು ಗೊತ್ತಿರುವುದು ಅವರಿಗೇ. ಆದರೆ ದೂರಿಗೆ ಇಸವಿ ಬೇಕು, ಕಾರಣ ಬೇಕು. ಹಾಳೆಯ ಎಡಕ್ಕೆ ದೂರು, ಬಲಕ್ಕೆ ಹುಡುಗಿ ಕೇಳಬೇಕಾದ ಪ್ರಶ್ನೆ ಬರೆಯಲು ಹೇಳಿದೆವು. ತಮ್ಮ ತರಬೇತಿಯ ಬಗ್ಗೆ "200 ಗಂಟೆ ಹಾರಾಟಕ್ಕೆ 31 ತಿಂಗಳು, ಬರೀ ಮೋಸ" ಎಂದದ್ದನ್ನು ಬಿಡಿಸಿದಾಗ ಸಿಕ್ಕಿದ್ದು ಎರಡು ಮಳೆಗಾಲ, ಬಿಡಿಭಾಗಕ್ಕೆ ಕಾದು ನಿಂತ ವಿಮಾನ, ನಡುವೆ ಬಿಟ್ಟುಹೋದ ಇನ್‌ಸ್ಟ್ರಕ್ಟರ್. ಬಲಕ್ಕೆ ಬಂದ ಪ್ರಶ್ನೆ: ಇವತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ವಿದ್ಯಾರ್ಥಿಗಳು ಎಷ್ಟು? ಕಳೆದ ತಿಂಗಳು ಒಬ್ಬರಿಗೆ ಎಷ್ಟು ಗಂಟೆ ಸಿಕ್ಕಿತು? ಇದನ್ನು ಆಫೀಸಿನಲ್ಲಿ ಕೇಳಿ ಪ್ರಯೋಜನವಿಲ್ಲ, ಹಾಸ್ಟೆಲಿನಲ್ಲಿ ಕೇಳಬೇಕು.

ಅವಳಿಗೆ ಹೇಳಬೇಕಾದ ಕ್ರಮವೂ ಹಾಳೆಗೆ ಬಂತು. ಮೊದಲು ಪೈಲಟ್ ಆಗಬಯಸುವವರ ಆರೋಗ್ಯ ತಪಾಸಣೆಯ ಮೊದಲ ಹಂತವಾದ ಕ್ಲಾಸ್ 2 ಮೆಡಿಕಲ್, ಆಮೇಲೆ ಸಿಪಿಎಲ್‌ಗೆ ಬೇಕಾದ ಕ್ಲಾಸ್ 1. ಕನ್ನಡಕ ಇದ್ದರೆ ತೊಂದರೆಯಿಲ್ಲ, ಬಣ್ಣ ಗುರುತಿಸಲಾಗದಿದ್ದರೆ ಕಷ್ಟ. ಕ್ಲಾಸ್ 1 ಕೈಗೆ ಬರುವ ತನಕ ಮನೆಪತ್ರ ಬ್ಯಾಂಕಿಗೆ ಹೋಗಬಾರದು. ನ್ಯಾವಿಗೇಷನ್, ಹವಾಮಾನ, ರೆಗ್ಯುಲೇಷನ್ಸ್, ಟೆಕ್ನಿಕಲ್ ಪರೀಕ್ಷೆಗಳಲ್ಲಿ ಪಾಸಾಗಲು ಶೇ. 70 ಬೇಕು. ಆದಷ್ಟನ್ನು ಹಾರಾಟಕ್ಕೆ ಮೊದಲೇ ಮುಗಿಸಿದರೆ ಒಳ್ಳೆಯದು. ಇಲ್ಲದಿದ್ದರೆ ಓದಿಗೆಂದು ಹಾರಾಟ ನಿಲ್ಲುತ್ತದೆ, ಹಾಸ್ಟೆಲ್ ಖರ್ಚು ನಿಲ್ಲುವುದಿಲ್ಲ. ಒಟ್ಟು 200 ಗಂಟೆಯಲ್ಲಿ 100 ಪಿಐಸಿ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ, ಅದರಲ್ಲಿ 20 ಕ್ರಾಸ್ ಕಂಟ್ರಿ, ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದೂರದ ಹಾರಾಟ. ಶುಲ್ಕ ಹಾರಿದ ಗಂಟೆಗೆ ತಕ್ಕಂತೆ ಕಂತಿನಲ್ಲಿ, ಮರುಪಾವತಿಯ ಷರತ್ತು ಬರಹದಲ್ಲಿ. ಸಿಪಿಎಲ್ ಆದ ಮೇಲೆ ಕೆಲಸವಿಲ್ಲದೆ ಕಾಯಲು ಒಂದು ವರ್ಷದ ಸಾಲದ ಕಂತು ಬೇರೆ ತೆಗೆದಿಟ್ಟಿರಬೇಕು. ಈ ಕೊನೆಯದು ಅವರೇ ಸೇರಿಸಿದ್ದು.

ನಾವು ಹಾಕಿದ ಮಿತಿ: ಹುಡುಗಿಯ ಜೊತೆ ನಾಲ್ಕು ಭೇಟಿ, ತಲಾ ಒಂದು ಗಂಟೆ. "ಹೋಗು", "ಬೇಡ" ಎರಡೂ ಹೇಳುವಂತಿಲ್ಲ, ಅದು ಅವಳ ಮತ್ತು ಮನೆಯವರ ತೀರ್ಮಾನ. ಯಾವ ಸ್ಕೂಲಿನಿಂದಲೂ ಕಮಿಷನ್ ಇಲ್ಲ. ಅವಳ ಜೊತೆ ಮಾತಾಡಿದ ರಾತ್ರಿ ಇವರಿಗೆ ನಿದ್ರೆ ಬಾರದಿದ್ದರೆ ಅವಳನ್ನು ಬೇರೆ ಪೈಲಟ್ ಹತ್ತಿರ ಕಳಿಸುವುದು.

ಮೊದಲ ಭೇಟಿಗೆ ಹುಡುಗಿ ಮೂರು ಪ್ರಶ್ನೆ ಬರೆದು ತಂದಿದ್ದಳಂತೆ. ಮೂರನೆಯದು, "ಅಣ್ಣ, 2019ರ ಹಾಗೆ ಮತ್ತೆ ಆದ್ರೆ?" ಇವರು ಕಂತಿನ ಲೆಕ್ಕದಿಂದ ಶುರುಮಾಡಿದರು. ಈಗ ಕ್ಲಾಸ್ 2 ಆಗಿದೆ, ಕ್ಲಾಸ್ 1 ಬಾಕಿ. ಮನೆಪತ್ರ ಕಪಾಟಿನಲ್ಲೇ ಇದೆ.