ಬಾಣಂತಿಯ ಬಾಯಾರಿಕೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ತವರಿಗೆ ಬಂದಿದ್ದ 23 ವರ್ಷದ ಬಾಣಂತಿ. ಚೊಚ್ಚಲ ಹೆರಿಗೆ, ಸಹಜವಾಗಿಯೇ ಆಗಿತ್ತು, ಹೊಲಿಗೆ ಹಾಕಿದ್ದರು. ಮೂರನೇ ವಾರದಲ್ಲಿ ಆಶಾ ಕಾರ್ಯಕರ್ತೆ ಅವಳನ್ನು ನನ್ನ ಬಳಿಗೆ ಕರೆತಂದರು. ಜೊತೆಗೆ ತಾಯಿ ಮತ್ತು ಅಜ್ಜಿ. ಹಾಲು ಸಾಲುತ್ತಿಲ್ಲ, ಮಗು ಅಳುತ್ತದೆ, ಡಬ್ಬಿ ಹಾಲು ಹಾಕಬಹುದೇ ಎಂಬುದು ಅವರ ಪ್ರಶ್ನೆ.

ಮಗುವಿನ ತೂಕ ಚೆನ್ನಾಗಿಯೇ ಏರಿತ್ತು. ದಿನಕ್ಕೆ ಏಳೆಂಟು ಬಟ್ಟೆ ಒದ್ದೆ ಮಾಡುತ್ತಿತ್ತು. ಅಂದರೆ ಹಾಲು ಸಾಲುತ್ತಿದೆ. ಸೊರಗಿದ್ದವಳು ಬಾಣಂತಿ. ತುಟಿ ಒಡೆದಿತ್ತು, ತಲೆಗೆ ಬಿಗಿದ ಬಟ್ಟೆಯ ಮೇಲಿಂದಲೇ ಹಣೆ ಒತ್ತಿಕೊಳ್ಳುತ್ತಿದ್ದಳು. ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಿದ ಮೇಲೆ ಒಂದೊಂದಾಗಿ ಹೇಳಿದಳು: ಉರಿಮೂತ್ರ, ಕಡು ಹಳದಿ ಬಣ್ಣ, ಮಲಬದ್ಧತೆ, ಹೊಲಿಗೆ ಬಿಚ್ಚೀತೆಂದು ಮುಕ್ಕರಿಯಲು ಭಯ. ಕುಡಿಯಲು ಸಿಗುತ್ತಿದ್ದುದು ಊಟದ ಜೊತೆಗೆ ಅರ್ಧ ಲೋಟ ಬಿಸಿನೀರು ಮಾತ್ರ.

"ಹಾಲು ಕುಡಿಸುವಾಗ ಗಂಟಲು ಒಣಗುತ್ತದೆ ಮೇಡಂ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲಿಗೆ ಹೋಗಿ ಹಂಡೆಯ ನೀರನ್ನೇ ಬೊಗಸೆಯಲ್ಲಿ ಕುಡಿದಿದ್ದೇನೆ" ಎಂದಳು.

ಮೊದಲು ವೈದ್ಯರ ಬಳಿ ಕಳುಹಿಸಿದೆ. ರಕ್ತದೊತ್ತಡ ಸರಿಯಿತ್ತು. ಮೂತ್ರದಲ್ಲಿ ಸೋಂಕು ಇತ್ತು. ಹಾಲುಣಿಸುವಾಗ ತೆಗೆದುಕೊಳ್ಳಬಹುದಾದ ಮಾತ್ರೆ ಬರೆದುಕೊಟ್ಟರು.

ನಿಜವಾದ ಮಾತುಕತೆ ಅಜ್ಜಿಯ ಜೊತೆ ನಡೆಯಬೇಕಿತ್ತು. ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ, ಹೊಲಿಗೆ ಕೀವಾಗುತ್ತದೆ, ಮಗುವಿಗೆ ಶೀತ ಎಂದರು ಅವರು. ಸ್ವಲ್ಪ ಹೊತ್ತಿನ ನಂತರ ಒಳಗಿನ ಮಾತು ಬಂತು: "ನನ್ನ ತಂಗಿ ಬಾಣಂತಿ ಸನ್ನಿಯಲ್ಲಿ ಹೋದಳು ತಾಯಿ." ಆ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಬಾಣಂತಿ ಜ್ವರಕ್ಕೆ ಮುಖ್ಯ ಕಾರಣ ಗರ್ಭಕೋಶಕ್ಕೆ ತಗಲುವ ಸೋಂಕು, ಕುಡಿದ ನೀರಲ್ಲ ಎಂದು ವಿವರಿಸಿದೆ. "ಕಾಯಿಸಿದ ನೀರು ಕೊಡುವ ನಿಮ್ಮ ಪದ್ಧತಿ ಒಳ್ಳೆಯದು ಅಜ್ಜಿ, ಅಳತೆ ಮಾತ್ರ ಸಾಲದು" ಎಂದೆ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಅಪಾಯ ಇನ್ನೂ ಏರುತ್ತದೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು. ಇದನ್ನು ಕೇಳಿ ಅಜ್ಜಿ ಸುಮ್ಮನಾದರು.

'ನೀರು ಕುಡಿದರೆ ಹಾಲು ಹೆಚ್ಚುತ್ತದೆ' ಎಂದಿದ್ದರೆ ಮನೆಯವರು ಆ ಕ್ಷಣವೇ ಒಪ್ಪುತ್ತಿದ್ದರು. ನಾನು ಹಾಗೆ ಹೇಳುವುದಿಲ್ಲ. ಬಾಯಾರಿಕೆಗೂ ಮೀರಿ ಕುಡಿದರೆ ಹಾಲು ಹೆಚ್ಚುತ್ತದೆ ಎನ್ನಲು ತಕ್ಕ ಪುರಾವೆಯಿಲ್ಲ. ಎದೆಹಾಲಿನಲ್ಲಿ ಶೇ. 87ರಷ್ಟು ನೀರೇ ಇದೆ, ದಿನಕ್ಕೆ ಸುಮಾರು 750 ಮಿಲಿಲೀಟರ್ ಹಾಲು ಹೋಗುತ್ತದೆ. ನೀರು ಸಾಕಷ್ಟು ಸಿಗದಿದ್ದರೂ ಹಾಲು ಸುಲಭವಾಗಿ ಕಡಿಮೆಯಾಗುವುದಿಲ್ಲ, ಬಳಲುವುದು ತಾಯಿಯ ಮೈ. ಮಗುವಿನ ನೆಪವಿಲ್ಲದೆಯೂ, ಅವಳಿಗಾಗಿಯೇ ಅವಳಿಗೆ ನೀರು ಸಿಗಬೇಕು. ಮೂವರ ಎದುರಿಗೂ ಇದನ್ನೇ ಹೇಳಿದೆ.

ಹಾಲುಣಿಸಲು ಕೂತಾಗಲೆಲ್ಲ ಕೈಗೆಟಕುವಂತೆ ಒಂದು ಲೋಟ ಉಗುರುಬೆಚ್ಚಗಿನ ನೀರು ಇರಲಿ, ರಾತ್ರಿಗೆ ಹಾಸಿಗೆಯ ಪಕ್ಕ ಫ್ಲಾಸ್ಕ್ ಇಡಿ ಎಂದೆ. ಜೀರಿಗೆ ನೀರು, ಮೆಣಸಿನ ಸಾರು, ಬೇಳೆಕಟ್ಟು, ರಾಗಿ ಗಂಜಿ, ಹಾಲು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಊಟದಲ್ಲಿನ ನೀರೂ ಸೇರಿ ದಿನಕ್ಕೆ ಗರ್ಭಿಣಿಗೆ 2.3 ಲೀಟರ್, ಹಾಲುಣಿಸುವವಳಿಗೆ 2.7 ಲೀಟರ್ ಎಂಬುದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಅಂದಾಜು. ನಮ್ಮ ಬೇಸಿಗೆಗೆ ಇನ್ನೂ ಬೇಕಾದೀತು. ಅಳೆಯುತ್ತಾ ಕೂರುವ ಅಗತ್ಯವಿಲ್ಲ, ಮೂತ್ರ ತಿಳಿ ಹಳದಿಯಾಗಿದ್ದರೆ ಸರಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆ, ಏರಿದ ರಕ್ತದೊತ್ತಡ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರಮಾಣ ನಿರ್ಧರಿಸಬೇಕು. ಮಗುವಿಗೆ ಆರು ತಿಂಗಳವರೆಗೆ ಎದೆಹಾಲು ಸಾಕು, ನೀರು ಬೇಡ.

ತೀವ್ರ ತಲೆನೋವು, ಫಿಟ್ಸ್, ಕಣ್ಣು ಮಂಜಾಗುವುದು, ಕೈಕಾಲಿನ ಸೋಲು, ಚಳಿಜ್ವರ: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಬನ್ನಿ ಎಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನೊಳಗೆ ಇಟ್ಟುಕೊಟ್ಟೆ.

ಹತ್ತು ದಿನದ ನಂತರ ಬಂದಾಗ ಉರಿ ಇರಲಿಲ್ಲ, ತಲೆನೋವು ಇಳಿದಿತ್ತು. ಡಬ್ಬಿ ಹಾಲು ತಂದಿರಲಿಲ್ಲ. ಫ್ಲಾಸ್ಕ್ ತುಂಬಿಸುವವರು ಈಗ ಅಜ್ಜಿಯೇ. ಎಳನೀರು, ಮಜ್ಜಿಗೆ ಮಾತ್ರ ಮೂರು ತಿಂಗಳು ತುಂಬುವವರೆಗೆ ಬೇಡವೇ ಬೇಡ ಎಂದರು. ಬಿಸಿನೀರು ಬೇಕಾದಷ್ಟು ಸಿಗುತ್ತಿರುವಾಗ ಅದಕ್ಕಾಗಿ ಜಗಳ ಬೇಡವೆಂದು ಹುಡುಗಿಗೆ ಹೇಳಿದೆ. ಮುಂದಿನ ಭೇಟಿ ಆರನೇ ವಾರದ ಲಸಿಕೆಯ ದಿನ.