ಶೇಕಡಾವಾರು ಇಳಿದರೆ ಶಾಲೆಯೂ ಇಳಿಯಿತೇ?

ಓದುಗರ ಪತ್ರ: ನಾವಿರುವುದು ಕ್ಯಾಲಿಫೋರ್ನಿಯಾದ ಈಸ್ಟ್ ಬೇ ಭಾಗದಲ್ಲಿ. ಇಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ (ಈ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಘಟಕ) ಗಣಿತದ ಮಟ್ಟ ಮುಟ್ಟಿದ ಮಕ್ಕಳ ಪ್ರಮಾಣ ಒಂದೇ ವರ್ಷದಲ್ಲಿ ಶೇ. 71ರಿಂದ 68ಕ್ಕೆ ಬಂದಿದೆ. ನಮ್ಮ ಮಗ ನಾಲ್ಕನೇ ತರಗತಿಯಲ್ಲಿ 2497 ತೆಗೆದು 3ನೇ ಹಂತದಲ್ಲಿದ್ದ. ಐದನೆಯದರಲ್ಲಿ 2527 ಬಂದಿದೆ, ಆದರೂ 2ನೇ ಹಂತಕ್ಕೆ ಇಳಿದಿದ್ದಾನೆ. ಅಂಕ ಏರಿದರೂ ಹಂತ ಇಳಿಯುವುದು ಹೇಗೆ? ಪಕ್ಕದ ಡಿಸ್ಟ್ರಿಕ್ಟ್‌ಗೆ ಮನೆ ಬದಲಿಸೋಣವೇ?

ಸಂಪಾದಕರ ಉತ್ತರ:

ಮೊದಲು ನಿಮ್ಮ ಮಗನ ಅಂಕ ನೋಡೋಣ. ಕ್ಯಾಲಿಫೋರ್ನಿಯಾದ ಕಾಸ್ಪ್ ಪರೀಕ್ಷೆಯ ಗಣಿತ ಮತ್ತು ಇಂಗ್ಲಿಷ್ ಭಾಗ ಸ್ಮಾರ್ಟರ್ ಬ್ಯಾಲೆನ್ಸ್ಡ್ ಎಂಬ ಪರೀಕ್ಷೆ. 3ರಿಂದ 8ನೇ ತರಗತಿವರೆಗೂ 11ರಲ್ಲೂ ಅದನ್ನು ಬರೆಸುತ್ತಾರೆ. ಎಲ್ಲ ತರಗತಿಗೂ ಅಳತೆಗೋಲು ಒಂದೇ, ಆದರೆ 'ಮಟ್ಟ ಮುಟ್ಟಿದೆ' ಎನ್ನುವ ಗೆರೆ, ಅಂದರೆ 3ನೇ ಹಂತ ಶುರುವಾಗುವ ಅಂಕ, ತರಗತಿಯಿಂದ ತರಗತಿಗೆ ಮೇಲೇರುತ್ತದೆ. ಗಣಿತದಲ್ಲಿ ನಾಲ್ಕನೇ ತರಗತಿಯ ಗೆರೆ 2485, ಐದರದು 2528. ಅಂದರೆ ಮಗ 30 ಅಂಕ ಮೇಲೆ ಹೋದ, ಗೆರೆ 43 ಅಂಕ ಮೇಲೆ ಹೋಯಿತು. ಐದನೇ ತರಗತಿಯಲ್ಲಿ 2ನೇ ಹಂತ 2455ಕ್ಕೆ ಶುರುವಾಗಿ 2527ಕ್ಕೆ ಮುಗಿಯುತ್ತದೆ. ನಿಮ್ಮ ಹುಡುಗ ನಿಂತಿರುವುದು ಅದರ ತುತ್ತತುದಿಯಲ್ಲಿ, 3ನೇ ಹಂತಕ್ಕೆ ಒಂದೇ ಒಂದು ಅಂಕ ಕಡಿಮೆ. ಯಾವ ಪರೀಕ್ಷೆಯಲ್ಲೂ ಒಂದಷ್ಟು ಏರುಪೇರು ಇದ್ದೇ ಇರುತ್ತದೆ. ಅದೇ ಮಗು ಮರುವಾರ ಅದೇ ಪರೀಕ್ಷೆ ಬರೆದರೂ ಅಂಕ ಹತ್ತಿಪ್ಪತ್ತು ಆಚೀಚೆಯಾಗಬಹುದು. ಹಾಗಾಗಿ ಆ ಒಂದು ಅಂಕಕ್ಕೆ ಅರ್ಥ ಹುಡುಕಬೇಡಿ.

ಹಾಗೆಂದು ಪೂರ್ತಿ ಕೈಬಿಡುವ ವಿಷಯವೂ ಅಲ್ಲ. ಹಿಂದಿನ ವರ್ಷ ಗೆರೆಗಿಂತ 12 ಅಂಕ ಮೇಲಿದ್ದವನು ಈಗ 1 ಅಂಕ ಕೆಳಗಿದ್ದಾನೆ. ಐದನೇ ತರಗತಿಯ ಗಣಿತದ ಬಹುಭಾಗ ಭಿನ್ನರಾಶಿ: ಛೇದ ಬೇರೆಬೇರೆ ಇರುವ ಭಿನ್ನರಾಶಿಗಳನ್ನು ಕೂಡುವುದು, ಕಳೆಯುವುದು, ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಗುಣಿಸುವುದು, ಅದರ ಜೊತೆಗೆ ದಶಮಾಂಶ. ಆರನೇ ತರಗತಿಯ ಅನುಪಾತವೂ ಭಿನ್ನರಾಶಿ ಭಾಗಾಕಾರವೂ ಇದರ ಮೇಲೆಯೇ ನಿಲ್ಲುತ್ತವೆ. ಟೀಚರ್ ಜೊತೆ ಮಾತಿಗೆ ಕೂತಾಗ 'ಇವನು ಯಾವ ಹಂತ' ಎಂದು ಕೇಳುವ ಬದಲು '2/3 ಮತ್ತು 3/4 ಕೂಡು ಎಂದರೆ ಛೇದ ಸಮ ಮಾಡುವುದು ಏಕೆ ಎಂದು ಇವನಿಗೆ ವಿವರಿಸಲು ಬರುತ್ತದೆಯೇ' ಎಂದು ಕೇಳಿ. 17/12 ಎಂದು ಸರಿಯುತ್ತರ ಬರೆದೂ, ಅದು ಒಂದಕ್ಕಿಂತ ಹೆಚ್ಚೋ ಕಡಿಮೆಯೋ ಹೇಳಲಾಗದ ಮಕ್ಕಳು ಬಹಳ. ಮುಂದೆ ತೊಡಕು ಬರುವುದು ಅಲ್ಲಿಂದ.

ಪರೀಕ್ಷೆ ಮುಗಿಸಿ ಬಂದ ಮಗು 'ತುಂಬಾ ಕಷ್ಟ ಇತ್ತು' ಎಂದರೆ ಗಾಬರಿಯಾಗಬೇಡಿ. ಸರಿಯುತ್ತರ ಕೊಟ್ಟಂತೆ ಕಂಪ್ಯೂಟರ್ ಕಷ್ಟದ ಪ್ರಶ್ನೆ ತರುತ್ತದೆ, ತಪ್ಪಿದರೆ ಸುಲಭದ್ದು. ಚೆನ್ನಾಗಿ ಮಾಡಿದ ಮಗುವಿಗೇ ಹೆಚ್ಚು ಕಷ್ಟ ಎನಿಸುವುದು ಸಹಜ.

ಇನ್ನು ಡಿಸ್ಟ್ರಿಕ್ಟ್‌ನ 71 ಮತ್ತು 68. ಇದು ಈ ವರ್ಷದ ಮಕ್ಕಳನ್ನು ಹೋದ ವರ್ಷದ ಮಕ್ಕಳೊಂದಿಗೆ ಹೋಲಿಸುವ ಲೆಕ್ಕ. ಹೋದ ವರ್ಷ ಎಂಟರಲ್ಲಿದ್ದವರು ಹೈಸ್ಕೂಲಿಗೆ ಹೋಗಿ ಲೆಕ್ಕದಿಂದ ಆಚೆಯಾದರು, ಹೊಸ ಮೂರನೇ ತರಗತಿ ಒಳಗೆ ಬಂತು. ಇಷ್ಟಕ್ಕೇ ಸರಾಸರಿ ಅಲುಗಾಡಬಹುದು. ಕಲಿಕೆ ಎಲ್ಲೂ ಕುಸಿಯದೆ ಮೂರು ಪಾಯಿಂಟ್ ಹೇಗೆ ಇಳಿಯಬಹುದು ಎಂಬುದಕ್ಕೆ ನಾವೇ ಕಟ್ಟಿದ ಒಂದು ಲೆಕ್ಕ ನೋಡಿ. ಒಂದು ಶಾಲೆಯಲ್ಲಿ 400 ಮಕ್ಕಳು. ಹೋದ ವರ್ಷ ಅವರಲ್ಲಿ 320 ಮಂದಿ ಅನುಕೂಲಸ್ಥ ಮನೆಯವರು, ಅವರಲ್ಲಿ 256 ಮಂದಿ, ಅಂದರೆ ಶೇ. 80, ಗೆರೆ ದಾಟಿದರು. ಉಳಿದ 80 ಮಂದಿ ಕಡಿಮೆ ಆದಾಯದ ಮನೆಯವರು, ಅವರಲ್ಲಿ ದಾಟಿದವರು 28, ಶೇ. 35. ಒಟ್ಟು 284, ಅಲ್ಲಿಗೆ ಶೇ. 71. ಈ ವರ್ಷ ಮೊದಲ ಗುಂಪು 280ಕ್ಕೆ ಇಳಿದು, ಎರಡನೆಯದು 120ಕ್ಕೆ ಏರಿತು ಎನ್ನಿ. ಮೊದಲ ಗುಂಪಿನಲ್ಲಿ 227 ಮಂದಿ ದಾಟಿದರೆ ಶೇ. 81. ಎರಡನೆಯದರಲ್ಲಿ 45 ಮಂದಿ ದಾಟಿದರೆ ಶೇ. 37.5. ಎರಡೂ ಗುಂಪು ಮೇಲೇರಿದವು. ಒಟ್ಟು ಎಷ್ಟು? 272, ಅಂದರೆ ಶೇ. 68! ನಿಮ್ಮಲ್ಲೂ ಹೀಗೇ ಆಗಿದೆ ಎಂದು ನಾವು ಹೇಳುತ್ತಿಲ್ಲ. ಆದರೆ ಗುಂಪುವಾರು ಅಂಕಿಗಳನ್ನು ನೋಡದೆ ಒಟ್ಟು ಸಂಖ್ಯೆಯೊಂದನ್ನೇ ಹಿಡಿದು ಶಾಲೆಗೆ ತೀರ್ಪು ಕೊಡುವುದು ಅನ್ಯಾಯ. 2015ರ ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಕಾಯ್ದೆ ಪ್ರಕಾರ ಆದಾಯ, ಜನಾಂಗ, ಅಂಗವೈಕಲ್ಯ, ಇಂಗ್ಲಿಷ್ ಕಲಿಕೆ ಇವುಗಳಂತೆ ಗುಂಪು ಮಾಡಿ ಫಲಿತಾಂಶ ಪ್ರಕಟಿಸಲೇಬೇಕು. ಎಲ್ಲವೂ ಕಾಸ್ಪ್ ಜಾಲತಾಣದಲ್ಲಿ ಸಿಗುತ್ತವೆ. ನಕ್ಷತ್ರ ಚಿಹ್ನೆ ಕಂಡರೆ ಆ ಗುಂಪಿನಲ್ಲಿ 10 ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿದ್ದಾರೆ, ಗುರುತು ಸಿಗದಿರಲೆಂದು ಅಂಕ ಮರೆಮಾಡಿದ್ದಾರೆ ಎಂದರ್ಥ. 60 ಮಕ್ಕಳ ತರಗತಿಯಲ್ಲಿ ಇಬ್ಬರು ಗೆರೆಯ ಆಚೆಗೋ ಈಚೆಗೋ ಸರಿದರೆ ಸಾಕು, ಶೇಕಡಾವಾರು ಮೂರು ಪಾಯಿಂಟ್ ಬದಲಾಗುತ್ತದೆ ಎಂಬುದೂ ನೆನಪಿರಲಿ.

ಶೇಕಡಾವಾರಿಗೆ ಇನ್ನೊಂದು ದೊಡ್ಡ ದೋಷವಿದೆ, ನಮಗೆ ಬೇಸರ ತರಿಸುವುದು ಅದೇ. ಗೆರೆಗೆ 150 ಅಂಕ ಕೆಳಗಿದ್ದ ಮಗು ಒಂದು ವರ್ಷದಲ್ಲಿ ಗೆರೆಗೆ 50 ಅಂಕದಷ್ಟು ಹತ್ತಿರ ಬಂದರೂ ಶೇಕಡಾವಾರು ಕದಲುವುದಿಲ್ಲ. 5 ಅಂಕ ಕೆಳಗಿದ್ದವನು ಗೆರೆ ದಾಟಿದ ಕೂಡಲೇ ಏರುತ್ತದೆ. ಶೇಕಡಾವಾರು ಏರಿಸಲೇಬೇಕು ಎಂಬ ಒತ್ತಡ ಬಂದಾಗ ಗೆರೆಗೆ ತಾಗಿ ನಿಂತ ಮಕ್ಕಳಿಗಷ್ಟೇ ಟ್ಯೂಷನ್ ಕೊಟ್ಟು, ತೀರಾ ಹಿಂದಿದ್ದವರನ್ನೂ ತೀರಾ ಮುಂದಿದ್ದವರನ್ನೂ ಪಕ್ಕಕ್ಕೆ ಬಿಟ್ಟ ಶಾಲೆಗಳು ಅಮೆರಿಕದಲ್ಲಿ ಇದ್ದವು. ಕ್ಯಾಲಿಫೋರ್ನಿಯಾ, ಶಾಲೆಗಳ ಸಾಧನೆ ತೋರಿಸುವ ತನ್ನ ಡ್ಯಾಶ್‌ಬೋರ್ಡ್ ಜಾಲತಾಣದಲ್ಲಿ, ಶೇಕಡಾವಾರನ್ನು ಬಿಟ್ಟು 'ಗೆರೆಯಿಂದ ದೂರ' ಎಂಬ ಅಳತೆ ಇಟ್ಟುಕೊಂಡಿದೆ. ಪ್ರತಿ ಮಗುವಿನ ಅಂಕದಿಂದ ಆ ತರಗತಿಯ ಗೆರೆಯನ್ನು ಕಳೆದು, ಬಂದ ವ್ಯತ್ಯಾಸಗಳ ಸರಾಸರಿ ತೆಗೆಯುತ್ತಾರೆ. ಕೆಂಪಿನಿಂದ ನೀಲಿವರೆಗಿನ ಐದು ಬಣ್ಣ ಬರುವುದು ಎರಡು ಸಂಗತಿಯಿಂದ: ಈಗ ಎಲ್ಲಿದ್ದಾರೆ, ಹೋದ ವರ್ಷಕ್ಕಿಂತ ಎಷ್ಟು ಬದಲಾಗಿದ್ದಾರೆ. ಬಣ್ಣ ನೋಡಿ ಅಷ್ಟಕ್ಕೇ ನಿಲ್ಲಬೇಡಿ, ಅದರ ಕೆಳಗೆ ಬರೆದಿರುವ ಅಂಕದ ಸಂಖ್ಯೆ ಓದಿ.

ನೀವೇ ಕೂತು ಮಾಡಬಹುದಾದ ಲೆಕ್ಕವೊಂದಿದೆ, ಒಂದು ಗಂಟೆ ಸಾಕು. ಕಾಸ್ಪ್ ಜಾಲತಾಣದಲ್ಲಿ ನಿಮ್ಮ ಶಾಲೆಯ ಮೂರು ವರ್ಷದ ಫಲಿತಾಂಶ ತೆರೆಯಿರಿ. ಮೊದಲ ವರ್ಷದ ಮೂರನೇ ತರಗತಿ, ಎರಡನೇ ವರ್ಷದ ನಾಲ್ಕು, ಮೂರನೇ ವರ್ಷದ ಐದು, ಹೀಗೆ ಓರೆಯಾಗಿ ಓದಿಕೊಂಡು ಹೋಗಿ. ಆಗ ಹೆಚ್ಚೂಕಡಿಮೆ ಅದೇ ಮಕ್ಕಳ ಗುಂಪು ಸಿಗುತ್ತದೆ. ಪ್ರತಿ ತರಗತಿಯ ಸರಾಸರಿ ಸ್ಕೇಲ್ ಸ್ಕೋರ್ (ನಿಮ್ಮ ಮಗನ 2527ರಂಥ ಅಂಕ) ಬರೆದುಕೊಂಡು ಗೆರೆಯನ್ನು ಕಳೆಯಿರಿ. ಗಣಿತಕ್ಕೆ ಮೂರರಿಂದ ಎಂಟರವರೆಗೆ ಗೆರೆಗಳು ಕ್ರಮವಾಗಿ 2436, 2485, 2528, 2552, 2567, 2586. ಇಂಗ್ಲಿಷ್‌ಗೆ 2432, 2473, 2502, 2531, 2552, 2567. ಬಂದ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಆ ಮಕ್ಕಳು ಗೆರೆಗಿಂತ ವೇಗವಾಗಿ ಕಲಿಯುತ್ತಿದ್ದಾರೆ. ಇಳಿಯುತ್ತಿದ್ದರೆ ಕಾರಣ ಕೇಳಲು ನಿಮ್ಮ ಕೈಯಲ್ಲಿ ಗಟ್ಟಿ ಆಧಾರವಿದೆ. ಗಣಿತದ ಗೆರೆ ಮೂರರಿಂದ ನಾಲ್ಕಕ್ಕೆ 49, ನಾಲ್ಕರಿಂದ ಐದಕ್ಕೆ 43 ಅಂಕ ಜಿಗಿಯುತ್ತದೆ, ಆರರಿಂದ ಏಳಕ್ಕೆ ಬರೀ 15. ಆದ್ದರಿಂದ ಐದನೇ ತರಗತಿಯ ಹೊತ್ತಿಗೆ ಒಂದಿಷ್ಟು ಜಾರುವಿಕೆ ಕಂಡರೆ ಅದನ್ನು ನಿಮ್ಮ ಶಾಲೆಯೊಂದರ ತಪ್ಪೆಂದು ಎಣಿಸುವ ಮುನ್ನ ರಾಜ್ಯದ ಸರಾಸರಿಗೂ ಇದೇ ಲೆಕ್ಕ ಹಾಕಿ ಪಕ್ಕದಲ್ಲಿ ಬರೆದುಕೊಳ್ಳಿ. ಅದೂ ಅಷ್ಟೇ ಜಾರಿದ್ದರೆ ಪ್ರಶ್ನೆಯೇ ಬೇರೆಯಾಗುತ್ತದೆ. ನಡುವೆ ಶಾಲೆ ಬಿಟ್ಟವರು, ಹೊಸದಾಗಿ ಸೇರಿದವರು ಇರುತ್ತಾರೆ. ಪರೀಕ್ಷೆ ಬರೆದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬಹಳ ಬದಲಾಗಿದ್ದರೆ ಈ ಓದೂ ದುರ್ಬಲ.

ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಸಾಲು ನಮ್ಮ ಕನ್ನಡ ಕುಟುಂಬಗಳಿಗೆ ನೇರವಾಗಿ ಸಂಬಂಧಿಸಿದ್ದು. ಶಾಲೆಗೆ ಸೇರಿಸುವಾಗ ಮನೆಮಾತಿನ ಬಗ್ಗೆ ಕೊಡುವ ಅರ್ಜಿಯಲ್ಲಿ ಕನ್ನಡ ಎಂದು ಬರೆದರೆ 30 ದಿನದೊಳಗೆ ಎಲ್ಪ್ಯಾಕ್ ಎಂಬ ಭಾಷಾ ಪರೀಕ್ಷೆ ಮಾಡುತ್ತಾರೆ. ಮಗು ಹಿಂದೆ ಬೀಳುತ್ತದೇನೋ ಎಂಬ ಭಯಕ್ಕೆ ಇಂಗ್ಲಿಷ್ ಎಂದು ಬರೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಗ್ಲಿಷ್ ಚೆನ್ನಾಗಿ ಬರುವ ಮಗು ಮೊದಲ ಪರೀಕ್ಷೆಯಲ್ಲೇ ಪಾಸಾಗಿ ಈ ಗುಂಪಿಗೆ ಸೇರುವುದೇ ಇಲ್ಲ, ಬಾರದ ಮಗುವಿಗೆ ಸಿಗಬೇಕಾದ ಪಾಠ ಸಿಗುತ್ತದೆ. ಈ ಗುಂಪಿನ ಫಲಿತಾಂಶ ಯಾವಾಗಲೂ ಕೆಳಗೆ ಕಾಣುವುದಕ್ಕೆ ಒಂದು ಕಾರಣ, ಭಾಷೆ ಕಲಿತವರು ಗುಂಪಿನಿಂದ ಆಚೆ ಹೋಗುತ್ತಾರೆ, ಕಲಿಯಬೇಕಾದವರು ಉಳಿಯುತ್ತಾರೆ. ಡ್ಯಾಶ್‌ಬೋರ್ಡ್‌ನಲ್ಲಿ ಹೀಗೆ ಹೊರಬಂದವರನ್ನು ನಾಲ್ಕು ವರ್ಷ ಈ ಗುಂಪಿನಲ್ಲೇ ಎಣಿಸುತ್ತಾರೆ, ಕಾಸ್ಪ್ ಜಾಲತಾಣದಲ್ಲಿ ಎಣಿಸುವುದಿಲ್ಲ. ಎರಡು ಕಡೆ ಅಂಕಿ ತಾಳೆಯಾಗದಿರುವುದು ಇದರಿಂದಲೂ ಹೌದು.

ಹಾಜರಿಯ ಕಡೆಗೂ ಕಣ್ಣು ಹಾಯಿಸಿ. ವರ್ಷದ ಶೇ. 10 ದಿನ ತಪ್ಪಿಸಿದರೆ, ಅಂದರೆ 180ರಲ್ಲಿ 18 ದಿನ, ಅದು ದೀರ್ಘ ಗೈರುಹಾಜರಿ. ರಜೆ ತೆಗೆದಿದ್ದಕ್ಕೆ ಸರಿಯಾದ ಕಾರಣವಿದ್ದರೂ ಲೆಕ್ಕಕ್ಕೆ ಬರುತ್ತದೆ. ಜನವರಿಯಲ್ಲಿ ಮದುವೆಗೆಂದು ನಾಲ್ಕು ವಾರ ಊರಿಗೆ ಹೋಗಿಬಂದರೆ ಗಡಿ ದಾಟಿದಂತೆಯೇ. ಹೋಗಲೇಬೇಕಿದ್ದರೆ ಮುಂಚಿತವಾಗಿ ಶಾಲೆಯ ಆಫೀಸಿನಲ್ಲಿ ಇಂಡಿಪೆಂಡೆಂಟ್ ಸ್ಟಡಿ (ತರಗತಿಗೆ ಬಾರದೆ ಹೊರಗಿದ್ದೇ ಪಾಠ ಮಾಡುವ ವ್ಯವಸ್ಥೆ) ಒಪ್ಪಂದಕ್ಕೆ ಸಹಿ ಹಾಕಿ, ಕೊಟ್ಟ ಕೆಲಸವನ್ನು ಮುಗಿಸಿ ಒಪ್ಪಿಸಿ.

ಮನೆ ಬದಲಿಸುವ ಪ್ರಶ್ನೆಗೆ ನಮ್ಮ ಉತ್ತರ: ಈ ಮೂರು ಪಾಯಿಂಟ್‌ಗಾಗಿ ಬೇಡ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ಮತ್ತು ಅವರ ತಂಡ ದೇಶದ ಸಾವಿರಾರು ಡಿಸ್ಟ್ರಿಕ್ಟ್‌ಗಳ ಅಂಕಗಳನ್ನು ಪರಿಶೀಲಿಸಿದಾಗ ಸರಾಸರಿ ಅಂಕಕ್ಕೂ ಮನೆಗಳ ಆದಾಯ, ಓದು ಇವುಗಳಿಗೂ ಬಲವಾದ ನಂಟು ಕಂಡಿತು. ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಬೆಳೆಯುತ್ತಾರೆ ಎಂಬುದಕ್ಕೆ ಆ ನಂಟು ಬಹಳ ಸಡಿಲ. ಶಿಕಾಗೊದ ಮಕ್ಕಳು ಮೂರನೇ ತರಗತಿಯಲ್ಲಿ ದೇಶದ ಸರಾಸರಿಗಿಂತ ಬಹಳ ಕೆಳಗಿದ್ದರೂ ಮುಂದಿನ ಐದು ವರ್ಷದಲ್ಲಿ ಸುಮಾರು ಆರು ವರ್ಷದಷ್ಟು ಕಲಿತರು ಎಂಬುದು ಅವರ 2017ರ ವರದಿಯ ಮುಖ್ಯ ಅಂಶ. ಮನೆ ಮಾರಾಟದ ಜಾಲತಾಣಗಳಲ್ಲಿ ಹತ್ತಕ್ಕೆ ಇಷ್ಟು ಎಂದು ಶಾಲೆಗೆ ಕೊಡುವ ಅಂಕ ನೋಡಿ ಸಾಲ ಎತ್ತುವ ಮೊದಲು, ಪಕ್ಕದ ಡಿಸ್ಟ್ರಿಕ್ಟ್‌ಗೂ ಮೇಲಿನ ಓರೆ ಲೆಕ್ಕ ಹಾಕಿ. ಟೆಕ್ಸಾಸ್‌ನಲ್ಲಿರುವ ನೆಂಟರ ಮಕ್ಕಳ ಅಂಕದೊಂದಿಗೆ ಹೋಲಿಸುವುದಂತೂ ಬೇಡವೇ ಬೇಡ. ಅಲ್ಲಿನ ಸ್ಟಾರ್ ಪರೀಕ್ಷೆ, ಅದರ ಗೆರೆ ಎರಡೂ ಬೇರೆ.

ಡಿಸ್ಟ್ರಿಕ್ಟ್ ಮೇಲೆ ಒತ್ತಡ ತರಲು ಸರಿಯಾದ ಜಾಗವೂ ಸಮಯವೂ ಇದೆ. ಪ್ರತಿ ಡಿಸ್ಟ್ರಿಕ್ಟ್ ತನ್ನ ಹಣವನ್ನು ಯಾವ ಮಕ್ಕಳ ಯಾವ ಕಲಿಕೆಗೆ ಖರ್ಚು ಮಾಡುತ್ತದೆ ಎಂಬ ಎಲ್‌ಕ್ಯಾಪ್ ಯೋಜನೆಗೆ ಜುಲೈ 1ರೊಳಗೆ ತನ್ನ ಆಡಳಿತ ಮಂಡಳಿಯ (ಬೋರ್ಡ್) ಒಪ್ಪಿಗೆ ಪಡೆಯಬೇಕು. ಅದಕ್ಕೂ ಮುಂಚೆ ಇನ್ನೊಂದು ಸಭೆಯಲ್ಲಿ ಸಾರ್ವಜನಿಕರ ಮಾತು ಕೇಳಬೇಕು. ಬೋರ್ಡ್‌ನ ಮಾಮೂಲಿ ಸಭೆಯ ಕಾರ್ಯಸೂಚಿ 72 ಗಂಟೆ ಮುಂಚೆ ಪ್ರಕಟವಾಗುತ್ತದೆ. ಮೇ ತಿಂಗಳಿಂದ ಅದನ್ನು ನೋಡುತ್ತಿರಿ. ಜೂನ್ ಹೊತ್ತಿಗೆ ಯೋಜನೆ ಬಹುಮಟ್ಟಿಗೆ ಸಿದ್ಧವಾಗಿರುವುದರಿಂದ ನಿಮ್ಮ ಪ್ರಶ್ನೆಯನ್ನು ಡ್ಯಾಶ್‌ಬೋರ್ಡ್ ಹೊರಬಂದ ಬೆನ್ನಲ್ಲೇ ಬೋರ್ಡ್ ಸದಸ್ಯರಿಗೂ ಪ್ರಿನ್ಸಿಪಾಲರಿಗೂ ಬರವಣಿಗೆಯಲ್ಲಿ ಕಳಿಸಿ. ಸಭೆಯಲ್ಲಿ ಮಾತಿಗೆ ಸಿಗುವುದು ಎರಡು ಮೂರು ನಿಮಿಷ, ಅದರಲ್ಲಿ 'ಶೇಕಡಾವಾರು ಯಾಕೆ ಇಳಿಯಿತು' ಎಂದು ಕೇಳಿದರೆ ಹಾರಿಕೆಯ ಉತ್ತರ ಬರುತ್ತದೆ. ಹೀಗೆ ಕೇಳಿ: ಎರಡು ವರ್ಷದ ಹಿಂದೆ ಮೂರನೇ ತರಗತಿಯಲ್ಲಿದ್ದ ಮಕ್ಕಳು ಗಣಿತದ ಗೆರೆಯಿಂದ ಎಷ್ಟು ದೂರವಿದ್ದರು, ಇಂದು ಎಷ್ಟು ದೂರವಿದ್ದಾರೆ, ಗುಂಪುವಾರು ಲೆಕ್ಕ ಕೊಡಿ. ಎಲ್‌ಕ್ಯಾಪ್‌ನಲ್ಲಿ ಅವರಿಗಾಗಿ ಗಣಿತ ಸಹಾಯಕ ಶಿಕ್ಷಕರ ಹುದ್ದೆಗಳಿದ್ದರೆ, ಅವುಗಳಲ್ಲಿ ಎಷ್ಟು ಭರ್ತಿಯಾಗಿವೆ, ಎಷ್ಟು ಖಾಲಿ ಇವೆ?

ಸಂಪಾದಕ